ಫ್ಲ್ಯಾಶ್ ಹೊಡೆದರೂ ಫೋಟೊ ಕೆಟ್ಟರೆ: ಮಂದ ಬೆಳಕಿನಲ್ಲಿ ಸಿಂಕ್ ದೋಷ ಹುಡುಕುವ ಬಗೆ

ಕೊಡಗಿನಲ್ಲಿ ಫೋಟೊ ತೆಗೆಯುವ ಕೆಲಸ ಹೆಚ್ಚಾಗಿ ಬೀಳುವುದೇ ಬೆಳಕು ಕಡಿಮೆಯಿರುವ ಹೊತ್ತಿನಲ್ಲಿ. ಸುಗ್ಗಿಹಬ್ಬ ಪುತ್ತರಿಯ ಕದಿರು ತೆಗೆಯುವುದು ರಾತ್ರಿ, ಮಡಿಕೇರಿ ದಸರಾದ ದಶಮಂಟಪಗಳು ಹೊರಡುವುದು ರಾತ್ರಿ, ಮದುವೆಯ ಗಂಗಾಪೂಜೆ ಕತ್ತಲಾದ ಮೇಲೆ. ಮಳೆಗಾಲದಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ಒಳಗೆ ಮಬ್ಬು ಕವಿದಿರುತ್ತದೆ. ಇಂಥಲ್ಲಿ ಫೋಟೊ ಕೆಟ್ಟಾಗ ಮೊದಲ ಬೈಗುಳ ಫ್ಲ್ಯಾಶಿಗೆ. ಆದರೆ ರಿಪೇರಿಗೆ ಬರುವ ಎಷ್ಟೋ ಫ್ಲ್ಯಾಶ್‌ಗಳು ಕೆಟ್ಟೇ ಇರುವುದಿಲ್ಲ. ಶಟರ್ ತೆರೆದಿರುವ ಹೊತ್ತಿಗೂ ಫ್ಲ್ಯಾಶ್ ಬೆಳಗುವ ಹೊತ್ತಿಗೂ ಹೊಂದಾಣಿಕೆ, ಅಂದರೆ ಸಿಂಕ್, ತಪ್ಪಿರುತ್ತದೆ, ಅಷ್ಟೆ. ಯಾವ ತಪ್ಪು ಎನ್ನುವುದನ್ನು ಕೆಟ್ಟ ಫೋಟೊವೇ ಹೇಳುತ್ತದೆ, ಹಾಗಾಗಿ ಅದನ್ನು ಡಿಲೀಟ್ ಮಾಡಬೇಡಿ.

ಮೊದಲು ಎರಡು ಫ್ರೇಮ್

ಫ್ಲ್ಯಾಶ್ ಬಳಸಿದ ಪ್ರತಿ ಫೋಟೊದಲ್ಲೂ ಎರಡು ಎಕ್ಸ್‌ಪೋಷರ್ ಒಂದರ ಮೇಲೊಂದು ಕೂತಿರುತ್ತವೆ. ಒಂದು, ಆ ಜಾಗದಲ್ಲಿ ಮೊದಲೇ ಇದ್ದ ಬೆಳಕಿನದು. ಅದನ್ನು ಶಟರ್ ಸ್ಪೀಡ್, ಅಪರ್ಚರ್, ಐಎಸ್‌ಒ ಮೂರೂ ಸೇರಿ ತೀರ್ಮಾನಿಸುತ್ತವೆ. ಇನ್ನೊಂದು ಫ್ಲ್ಯಾಶಿನದು. ಅದಕ್ಕೆ ಅಪರ್ಚರ್, ಐಎಸ್‌ಒ, ಫ್ಲ್ಯಾಶಿನ ಪವರ್, ಫ್ಲ್ಯಾಶಿನಿಂದ ಆಳಿಗಿರುವ ದೂರ ಲೆಕ್ಕಕ್ಕೆ ಬರುತ್ತವೆ, ಶಟರ್ ಸ್ಪೀಡ್ ಬರುವುದಿಲ್ಲ. ಫುಲ್ ಪವರ್‌ನಲ್ಲಿ ಕೂಡ ಸ್ಪೀಡ್‌ಲೈಟಿನ (ಕ್ಯಾಮೆರಾದ ಮೇಲೆ ಕೂರಿಸುವ ಫ್ಲ್ಯಾಶಿನ) ಬೆಳಕು ಸುಮಾರು 1/300ರಿಂದ 1/1000 ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. 1/128 ಪವರ್‌ನಲ್ಲಿ 1/20000 ಸೆಕೆಂಡಿಗಿಂತಲೂ ಬೇಗ. ಶಟರ್ 1/60 ತೆರೆದಿರಲಿ, 1/4 ತೆರೆದಿರಲಿ, ಫ್ಲ್ಯಾಶಿನ ಪಾಲು ಬದಲಾಗದು.

ಆದ್ದರಿಂದ ದೋಷ ಯಾವ ಪಾಲಿನದು ಎಂದು ಬೇರ್ಪಡಿಸುವುದು ಮೊದಲ ಕೆಲಸ. ಕ್ಯಾಮೆರಾವನ್ನು ಮ್ಯಾನುಯಲ್‌ಗೆ ಹಾಕಿ, ಫೋಟೊ ಕೆಟ್ಟ ಅದೇ ಶಟರ್, ಅಪರ್ಚರ್, ಐಎಸ್‌ಒ ಇಡಿ. ಫ್ಲ್ಯಾಶ್ ಆಫ್ ಮಾಡಿ ಒಂದು ಫ್ರೇಮ್ ತೆಗೆಯಿರಿ. ಅದರಲ್ಲಿ ಕಾಣುವುದೆಲ್ಲ ಅಲ್ಲಿದ್ದ ಬೆಳಕಿನ ಪಾಲು. ಆಮೇಲೆ ಐಎಸ್‌ಒ 100, ಎಫ್ 5.6, 1/125 ಇಟ್ಟು, ಫ್ಲ್ಯಾಶನ್ನೂ ಮ್ಯಾನುಯಲ್‌ನಲ್ಲಿ 1/4 ಪವರ್‌ಗೆ ಇಟ್ಟು, ಎರಡು ಮೂರು ಮೀಟರ್ ದೂರದ ಆಳಿನ ಮೇಲೆ ನೇರವಾಗಿ ಇನ್ನೊಂದು ಫ್ರೇಮ್. ಕೋಣೆಯ ಬೆಳಕು ಇದರಲ್ಲಿ ಹೆಚ್ಚುಕಡಿಮೆ ಬರುವುದೇ ಇಲ್ಲ, ಬಂದಿದ್ದೆಲ್ಲ ಫ್ಲ್ಯಾಶಿನದು. ಈ ಎರಡನೇ ಫ್ರೇಮ್ ಸರಿಯಾಗಿ ಬಂದರೆ ಫ್ಲ್ಯಾಶ್, ಹಾಟ್ ಶೂ (ಕ್ಯಾಮೆರಾದ ಮೇಲೆ ಫ್ಲ್ಯಾಶ್ ಕೂರುವ ಜಾಗ), ಸೆಲ್ ಎಲ್ಲ ನೆಟ್ಟಗಿವೆ ಎಂದೇ ಅರ್ಥ. ದೋಷ ಇರುವುದು ಆರಿಸಿಕೊಂಡ ಮೋಡ್‌ನಲ್ಲಿ.

ಲೆನ್ಸಿನ ಮೂಲಕ ಬಂದ ಬೆಳಕು ಅಳೆದು ಫ್ಲ್ಯಾಶ್ ಪವರನ್ನು ಕ್ಯಾಮೆರಾವೇ ಆರಿಸುವ ಟಿಟಿಎಲ್‌ನಲ್ಲಿ ಇಟ್ಟುಕೊಂಡು ಈ ಪರೀಕ್ಷೆ ಮಾಡಬೇಡಿ. ಟಿಟಿಎಲ್ ತಾನೇ ಪವರ್ ಏರಿಸಿ ಇಳಿಸಿ ದೋಷವನ್ನು ಮುಚ್ಚಿಹಾಕುತ್ತದೆ.

ಫೋಟೊದ ಕೆಳಗೆ ಕಪ್ಪು ಪಟ್ಟಿ

ಅಡ್ಡ ಹಿಡಿದ ಫೋಟೊದಲ್ಲಿ ಕೆಳಭಾಗ ಕಪ್ಪಾಗಿ, ಗೆರೆ ಎಳೆದಂತೆ ನೇರ ಅಂಚು ಬಂದಿದ್ದರೆ ಶಟರ್ ಸ್ಪೀಡ್ ಸಿಂಕ್ ಮಿತಿ ದಾಟಿದೆ. ಕ್ಯಾಮೆರಾ ಉದ್ದ ಹಿಡಿದಿದ್ದರೆ ಪಟ್ಟಿ ಪಕ್ಕದಲ್ಲಿ ಬರುತ್ತದೆ. ಶಟರಿನಲ್ಲಿ ಎರಡು ಪರದೆಗಳಿವೆ. ಮೊದಲನೆಯದು ಸರಿದು ಸೆನ್ಸರ್ ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಸಿಂಕ್ ಸ್ಪೀಡ್‌ವರೆಗೆ ಮಾತ್ರ ಒಂದು ಗಳಿಗೆಯಾದರೂ ಸೆನ್ಸರ್ ಪೂರ್ತಿ ತೆರೆದಿರುತ್ತದೆ, ಫ್ಲ್ಯಾಶ್ ಹೊಡೆಯಬೇಕಾದ್ದು ಆಗಲೇ. ಅದಕ್ಕಿಂತ ವೇಗವಾದರೆ ಮೊದಲ ಪರದೆ ಕೊನೆ ಮುಟ್ಟುವ ಮೊದಲೇ ಎರಡನೆಯದು ಹೊರಟಿರುತ್ತದೆ. ಪರದೆಗಳು ಮೇಲಿನಿಂದ ಕೆಳಕ್ಕೆ ಓಡುತ್ತವೆ, ಸೆನ್ಸರಿನ ಮೇಲೆ ಬಿಂಬ ತಲೆಕೆಳಗಾಗಿ ಬಿದ್ದಿರುತ್ತದೆ. ಆದ್ದರಿಂದ ಎರಡನೇ ಪರದೆ ಮೊದಲು ಮುಚ್ಚುವುದು ಫೋಟೊದ ಕೆಳಭಾಗವನ್ನು.

ಮಿತಿ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ. ಕ್ಯಾನನ್ 1500ಡಿ, ನಿಕಾನ್ ಡಿ5600 ಎರಡಕ್ಕೂ 1/200. ಕ್ಯಾನನ್ 6ಡಿಗೆ 1/180, ನಿಕಾನ್ ಡಿ850ಗೆ 1/250. ಕ್ಯಾನನ್ ಆರ್6ನಲ್ಲಿ ಮೆಕ್ಯಾನಿಕಲ್ ಶಟರ್‌ಗೆ 1/200, ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್‌ಗೆ 1/250. ಕ್ಯಾಮೆರಾದ ಜೊತೆ ಮಾತಾಡಬಲ್ಲ ಫ್ಲ್ಯಾಶ್ ಹಾಟ್ ಶೂ ಮೇಲಿದ್ದರೆ ಕ್ಯಾಮೆರಾ ಈ ಮಿತಿ ದಾಟಲು ಬಿಡುವುದೇ ಇಲ್ಲ. ಪಟ್ಟಿ ಕಾಣಿಸಿಕೊಳ್ಳುವುದು ನಡುವೆ ಒಂದೇ ಪಿನ್ ಇರುವ ಅಗ್ಗದ ಫ್ಲ್ಯಾಶ್ ಅಥವಾ ಟ್ರಿಗರ್ (ದೂರದ ಫ್ಲ್ಯಾಶನ್ನು ರೇಡಿಯೊದಿಂದ ಹೊಡೆಸುವ ಸಾಧನ) ಹಾಕಿದಾಗ. ಅಲ್ಲೊಂದು ಫ್ಲ್ಯಾಶ್ ಇದೆ ಎಂಬುದೇ ಕ್ಯಾಮೆರಾಕ್ಕೆ ಗೊತ್ತಿರುವುದಿಲ್ಲ.

1/200ರಲ್ಲೇ ಇಟ್ಟಿದ್ದೇನೆ, ಆದರೂ ಕೆಳಗೆ ತೆಳ್ಳನೆಯ ನೆರಳಿದೆ ಎನ್ನುವವರು ಟ್ರಿಗರನ್ನು ನೋಡಬೇಕು. ರೇಡಿಯೊ ಸಂಕೇತ ಹೋಗಿ ಮುಟ್ಟುವಷ್ಟರಲ್ಲಿ ಆಗುವ ಸ್ವಲ್ಪ ತಡ ಸಾಕು, ಎರಡನೇ ಪರದೆ ಅಂಚಿಗೆ ಬಂದಿರುತ್ತದೆ. 1/160 ಅಥವಾ 1/125ಕ್ಕೆ ಇಳಿಸಿ. ಮಂದ ಬೆಳಕಿನಲ್ಲಿ ಇದರಿಂದ ನಷ್ಟವೇನೂ ಇಲ್ಲ.

ಕತ್ತಲ ಜಾಗದಲ್ಲಿ ಈ ಪಟ್ಟಿ ಕಡುಕಪ್ಪು. ದೀಪವಿರುವ ಹಾಲ್‌ನಲ್ಲಿ ಅದೇ ಪಟ್ಟಿಯೊಳಗೆ ಮಸುಕಾಗಿ ನೆಲ, ಕಾಲು ಕಾಣುತ್ತವೆ, ಅಲ್ಲಿದ್ದ ಬೆಳಕಿನ ಪಾಲು ಅಲ್ಲಿಗೂ ಬಿದ್ದಿರುತ್ತದಲ್ಲ. ಇದನ್ನು ಬೇರೆ ಎರಡು ದೋಷಗಳೊಂದಿಗೆ ಬೆರೆಸಬೇಡಿ. ಕೆಳಗಿನ ನೆರಳು ನೇರವಾಗಿರದೆ ಅರ್ಧ ವೃತ್ತದ ಹಾಗೆ ಬಾಗಿದ್ದರೆ ಅದು ಕ್ಯಾಮೆರಾದ ಸ್ವಂತ ಪಾಪ್ ಅಪ್ ಫ್ಲ್ಯಾಶಿಗೆ ಲೆನ್ಸ್ ಹುಡ್ ಅಡ್ಡ ಬಂದ ನೆರಳು. ಹುಡ್ ಬಿಚ್ಚಿದರೆ ಆಯಿತು. ಫೋಟೊದ ಉದ್ದಕ್ಕೂ ಮೃದುವಾದ ಹಲವು ಪಟ್ಟೆಗಳಿದ್ದರೆ ಅದು ದೀಪಗಳ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 1/50 ಅಥವಾ 1/100 ಇಟ್ಟರೆ ಪಟ್ಟೆ ಹೋಗುತ್ತವೆ. ದಸರಾ ಮಂಟಪಗಳ ಎಲ್‌ಇಡಿ ಅಲಂಕಾರಕ್ಕೆ ಮಾತ್ರ ಈ ಲೆಕ್ಕ ಯಾವಾಗಲೂ ಹಿಡಿಯದು. ಅವುಗಳ ಮಿನುಗಿನ ವೇಗವೇ ಬೇರೆ ಇರಬಹುದು, ಸ್ಥಳದಲ್ಲೇ ಶಟರನ್ನು ಒಂದೊಂದು ಹೆಜ್ಜೆ ಇಳಿಸುತ್ತ ನೋಡಬೇಕು.

ಸಿಂಕ್ ಮಿತಿಗಿಂತ ವೇಗದ ಶಟರಿನಲ್ಲೂ ಫ್ಲ್ಯಾಶ್ ಬಳಸಲು ಹೈ ಸ್ಪೀಡ್ ಸಿಂಕ್ ಇದೆಯಲ್ಲ, ಅದನ್ನು ಹಾಕಿದರೆ ಪಟ್ಟಿ ಬರುವುದಿಲ್ಲ ಎಂದು ಸಲಹೆ ಕೊಡುವವರಿದ್ದಾರೆ. ನಿಜ, ಬರುವುದಿಲ್ಲ. ಆದರೆ ಅದು ಬಿಸಿಲಿಗೆ ಮಾಡಿದ ಮೋಡ್. ಪರದೆಗಳ ನಡುವಿನ ಸೀಳು ಸೆನ್ಸರ್ ದಾಟುವವರೆಗೂ ಫ್ಲ್ಯಾಶ್ ಬಿಡದೆ ಮಿಡಿಯುತ್ತಿರಬೇಕಾದ್ದರಿಂದ ಶುರುವಿಗೇ ಸುಮಾರು ಎರಡು ಸ್ಟಾಪ್ ಬೆಳಕು ಹೋಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡರಷ್ಟು). ಆಮೇಲೆ ಶಟರ್ ಎರಡು ಪಟ್ಟು ವೇಗವಾದಂತೆಲ್ಲ ಇನ್ನೊಂದೊಂದು ಸ್ಟಾಪ್. ರಾತ್ರಿ 1/500 ಇಟ್ಟು ಹೈ ಸ್ಪೀಡ್ ಸಿಂಕ್ ಹಾಕಿದರೆ ಹಿನ್ನೆಲೆ ಕಪ್ಪು, ಮುಖವೂ ಮಂಕು, ಸೆಲ್ ಖಾಲಿ. ಬೆಳಗಿನ ಔಟ್‌ಡೋರ್ ಫೋಟೊಗೆ ಹಾಕಿದ ಸೆಟ್ಟಿಂಗ್ ಸಂಜೆ ಹಾಗೇ ಉಳಿದುಬಿಟ್ಟಿರುವುದು ಇದಕ್ಕೆ ಸಾಮಾನ್ಯ ಕಾರಣ. ನಿಕಾನ್‌ನಲ್ಲಿ ಇದರ ಹೆಸರು ಆಟೊ ಎಫ್‌ಪಿ. ಡಿ3500, ಡಿ5600ರಂಥ ಬಾಡಿಗಳಲ್ಲಿ ಅದು ಇಲ್ಲವೇ ಇಲ್ಲ, ಮೆನುವಿನಲ್ಲಿ ಹುಡುಕಿ ದಣಿಯಬೇಡಿ.

ಆಳು ಬೆಳ್ಳಗೆ, ಹಿಂದೆಲ್ಲ ಬಾವಿಯ ಕತ್ತಲೆ

ಐನ್‌ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಮುಂದೆ ನಿಂತ ದಂಪತಿ ಚೆನ್ನಾಗಿ ಬಂದಿದ್ದಾರೆ, ದೀಪವೊಂದು ಚುಕ್ಕಿಯಾಗಿದೆ, ಮರದ ಕಂಬಗಳು ಮಾಯ. ಇದು ದೋಷವಲ್ಲ, ಕ್ಯಾಮೆರಾ ನಿಮ್ಮನ್ನು ಕಾಪಾಡಲು ಹೋದ ಫಲ. ಶಟರನ್ನು ಕ್ಯಾಮೆರಾವೇ ಆರಿಸುವ ಪಿ ಮೋಡ್‌ನಲ್ಲಿ, ನಿಕಾನ್‌ನ ಎ ಮೋಡ್‌ನಲ್ಲೂ, ಫ್ಲ್ಯಾಶ್ ಹಾಕಿದಾಗ ಶಟರ್ 1/60ಕ್ಕಿಂತ ಕೆಳಗಿಳಿಯದಂತೆ ತಡೆದಿರುತ್ತಾರೆ, ಕೈ ಅಲುಗಬಾರದೆಂದು. ದೀಪದ ಬೆಳಕಿಗೆ 1/60 ಸಾಲುವುದಿಲ್ಲ. ನಿಕಾನ್ ಮತ್ತು ಸೋನಿಯಲ್ಲಿ ಫ್ಲ್ಯಾಶ್ ಮೋಡನ್ನು ಸ್ಲೋ ಸಿಂಕ್‌ಗೆ (ನಿಧಾನ ಶಟರಿನ ಜೊತೆ ಫ್ಲ್ಯಾಶ್) ಬದಲಿಸಿ, ತಡೆ ಸಡಿಲವಾಗುತ್ತದೆ.

ಕ್ಯಾನನ್ ಬಳಸುವವರ ದೂರು ಇದಕ್ಕೆ ತದ್ವಿರುದ್ಧ. ಎವಿ ಮೋಡ್‌ನಲ್ಲಿ ಫ್ಲ್ಯಾಶ್ ಹಾಕಿದರೆ ಎಲ್ಲ ಶೇಕ್ ಆಗುತ್ತದೆ, ಶಟರ್ ಅರ್ಧ ಸೆಕೆಂಡಿಗೆ ಹೋಗುತ್ತದೆ ಎನ್ನುತ್ತಾರೆ. ಕ್ಯಾನನ್‌ನ ಎವಿ ಮೋಡ್ ಹಿನ್ನೆಲೆಯ ಬೆಳಕಿಗೆ ತಕ್ಕ ಶಟರನ್ನೇ ಆರಿಸುತ್ತದೆ, ಫ್ಲ್ಯಾಶನ್ನು ಮೇಲೋಗರವಾಗಿ ಮಾತ್ರ ಬಳಸುತ್ತದೆ. ಅಂದರೆ ಅಲ್ಲಿ ಸ್ಲೋ ಸಿಂಕ್ ಕೇಳದೆಯೇ ಆನ್ ಆಗಿರುತ್ತದೆ. ಫ್ಲ್ಯಾಶ್ ಕಂಟ್ರೋಲ್ ಮೆನುವಿನಲ್ಲಿ ಎವಿ ಮೋಡ್‌ನ ಸಿಂಕ್ ಸ್ಪೀಡ್ ಎಂಬ ಸಾಲು ಸಿಗುತ್ತದೆ. ಆಟೊ ಬದಲು 1/200–1/60 ಆರಿಸಿದರೆ ಕೈ ಅಲುಗುವುದು ನಿಲ್ಲುತ್ತದೆ, ಆದರೆ ಹಿನ್ನೆಲೆ ಕಪ್ಪಾಗುತ್ತದೆ. ಎರಡೂ ಬೇಕೆಂದರೆ ಮ್ಯಾನುಯಲ್‌ಗೆ ಬರಲೇಬೇಕು. ನಮ್ಮ ಮಟ್ಟಿಗೆ ಮಂದ ಬೆಳಕಿನ ಫ್ಲ್ಯಾಶ್ ಕೆಲಸಕ್ಕೆ ಪಿ, ಎ, ಎವಿ ಮೂರೂ ಬೇಡ. ಕ್ಯಾಮೆರಾ ಮ್ಯಾನುಯಲ್, ಫ್ಲ್ಯಾಶ್ ಟಿಟಿಎಲ್ ಅಥವಾ ಮ್ಯಾನುಯಲ್, ಇದು ಸಾಕು. ಆಟೊ ಐಎಸ್‌ಒ ಕೂಡ ತೆಗೆಯಿರಿ. ಕ್ಯಾನನ್‌ನ ಹಲವು ಡಿಎಸ್‌ಎಲ್‌ಆರ್‌ಗಳು ಫ್ಲ್ಯಾಶ್ ಹಾಕಿದ ಕೂಡಲೇ ಆಟೊ ಐಎಸ್‌ಒವನ್ನು 400ಕ್ಕೆ ಕಟ್ಟಿಹಾಕುತ್ತವೆ. ಬೇರೆ ಕೆಲವು ಕ್ಯಾಮೆರಾಗಳು ಹಿನ್ನೆಲೆಗಾಗಿ ಅದನ್ನು ಬೇಕಾಬಿಟ್ಟಿ ಏರಿಸುತ್ತವೆ.

ಲೆಕ್ಕ ಕೂಡಿಸುವುದು ಹೀಗೆ. ಮೊದಲು ಫ್ಲ್ಯಾಶ್ ಆಫ್ ಇಟ್ಟು ಹಿನ್ನೆಲೆ ಒಂದರಿಂದ ಎರಡು ಸ್ಟಾಪ್ ಅಂಡರ್ (ಸರಿಯಾದ ಅಳತೆಗಿಂತ ಮಂಕು) ಬರುವಂತೆ ಶಟರ್, ಐಎಸ್‌ಒ ಹೊಂದಿಸಿ. ಸಾಧಾರಣ ಬೆಳಕಿನ ಮದುವೆ ಹಾಲ್‌ಗೆ ಎಫ್ 4, ಐಎಸ್‌ಒ 400, 1/15 ಒಂದು ಆರಂಭ. ತೂಗುದೀಪ ಮಾತ್ರ ಉರಿಯುವ ಐನ್‌ಮನೆಗೆ ಎಫ್ 4ರಲ್ಲೇ ಐಎಸ್‌ಒ 1600, 1/8ರಿಂದ ಶುರುಮಾಡಿ. ಆಮೇಲೆ ಫ್ಲ್ಯಾಶ್. 35 ಮಿ.ಮೀ. ಜೂಮ್‌ನಲ್ಲಿ ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ) 36 ಇರುವ ಫ್ಲ್ಯಾಶ್ ಮೂರು ಮೀಟರ್ ದೂರಕ್ಕೆ, ಐಎಸ್‌ಒ 400, ಎಫ್ 4ರಲ್ಲಿ, ನೇರ ಹೊಡೆತಕ್ಕೆ 1/32 ಪವರ್ ಸಾಕು. ಬಿಳಿ ಸೀಲಿಂಗಿಗೆ ಬೌನ್ಸ್ ಮಾಡಿದರೆ ಎರಡು ಮೂರು ಸ್ಟಾಪ್ ಹೋಗುತ್ತದೆ, ಆಗ 1/8 ಅಥವಾ 1/4. ಪಾಪ್ ಅಪ್ ಫ್ಲ್ಯಾಶ್ ನಂಬಿಕೊಂಡವರು ಅದರ ಮಿತಿ ತಿಳಿದಿರಲಿ. 1500ಡಿಯ ಗೈಡ್ ನಂಬರ್ 9.2. ಕಿಟ್ ಲೆನ್ಸಿನ ಎಫ್ 5.6ರಲ್ಲಿ, ಐಎಸ್‌ಒ 400 ಇಟ್ಟರೂ ಅದು ಮುಟ್ಟುವುದು 3.3 ಮೀಟರ್. ರಸ್ತೆಯಂಚಿನಲ್ಲಿ ನಿಂತು ಮಂಟಪದ ಮೇಲಿನ ಮೂರ್ತಿಗೆ ಅದನ್ನು ಹೊಡೆದರೆ ಎದುರು ನಿಂತವರ ತಲೆಗಳಷ್ಟೇ ಬೆಳಗುತ್ತವೆ. ಮಂಟಪಗಳಿಗೆ ಅವುಗಳದ್ದೇ ಸ್ಪಾಟ್‌ಲೈಟು, ಹೊಗೆ ಇರುತ್ತವೆ. ಅಲ್ಲಿ ಫ್ಲ್ಯಾಶ್ ಆರಿಸಿಬಿಡುವುದೇ ಒಳ್ಳೆಯದು.

ಕುಣಿತದ ಗೆರೆ ಹಿಂದುಮುಂದಾದಾಗ

ಫ್ರಂಟ್ ಕರ್ಟನ್‌ನಲ್ಲಿ ಮೊದಲ ಪರದೆ ತೆರೆದ ಕೂಡಲೇ ಫ್ಲ್ಯಾಶ್ ಹೊಡೆಯುತ್ತದೆ, ರಿಯರ್ ಕರ್ಟನ್‌ನಲ್ಲಿ ಎರಡನೆಯದು ಮುಚ್ಚುವ ಸ್ವಲ್ಪ ಮೊದಲು. 1/200ರಲ್ಲಿ ಈ ಎರಡಕ್ಕೂ ವ್ಯತ್ಯಾಸವೇ ಕಾಣದು. 1/30 ಮತ್ತು ಅದಕ್ಕಿಂತ ನಿಧಾನಕ್ಕೆ ಇಳಿದಾಗ, ಅದೂ ಚಲಿಸುವ ವಸ್ತುವಿನ ಮೇಲೆ ಬೇರೆ ಬೆಳಕು ಬೀಳುತ್ತಿದ್ದಾಗ ಮಾತ್ರ ಗೊತ್ತಾಗುತ್ತದೆ. ಫ್ರಂಟ್‌ನಲ್ಲಿ ಆಳಿನ ಮುಂದಕ್ಕೆ ಗೆರೆ ಚಾಚಿ, ಅವನು ಹಿಂದಕ್ಕೆ ಜಾರುತ್ತಿದ್ದಾನೆ ಅನಿಸುತ್ತದೆ. ರಿಯರ್‌ನಲ್ಲಿ ಗೆರೆ ಹಿಂದೆ ಉಳಿದು, ಆಳು ಅದರ ತುದಿಯಲ್ಲಿ ಸ್ಪಷ್ಟವಾಗಿ ನಿಲ್ಲುತ್ತಾನೆ.

ರಿಯರ್ ಹಾಕಿದ್ದೇನೆ, ಆದರೂ ಗೆರೆ ಮುಂದಕ್ಕೇ ಬರುತ್ತಿದೆ ಎಂದರೆ ಸುಲಭದ ಪರೀಕ್ಷೆಯಿದೆ. ಫ್ಲ್ಯಾಶನ್ನು ಮ್ಯಾನುಯಲ್‌ನಲ್ಲಿ ಕಡಿಮೆ ಪವರ್‌ಗೆ ಇಟ್ಟು, ಶಟರ್ 2 ಸೆಕೆಂಡ್ ಮಾಡಿ, ಗೋಡೆಯತ್ತ ಒಂದು ಫ್ರೇಮ್ ತೆಗೆಯಿರಿ. ಬಟನ್ ಒತ್ತಿದೊಡನೆ ಹೊಡೆಯಿತೇ, ಎರಡು ಸೆಕೆಂಡ್ ಬಿಟ್ಟು ಹೊಡೆಯಿತೇ ನೋಡಿ. ಒತ್ತಿದೊಡನೆ ಹೊಡೆದರೆ ರಿಯರ್ ಆಜ್ಞೆ ಫ್ಲ್ಯಾಶಿಗೆ ಮುಟ್ಟಿಲ್ಲ. ನಿಕಾನ್, ಸೋನಿಯಲ್ಲಿ ಈ ಆಜ್ಞೆಯನ್ನು ಬಾಡಿಯಲ್ಲೇ ಕೊಡುತ್ತೇವೆ. ಕ್ಯಾನನ್‌ನಲ್ಲಿ ಸೆಕೆಂಡ್ ಕರ್ಟನ್ (ಅಲ್ಲಿ ರಿಯರ್‌ಗೆ ಇದೇ ಹೆಸರು) ಕೆಲಸ ಮಾಡಬೇಕಾದರೆ ಕ್ಯಾಮೆರಾದ ಭಾಷೆ ತಿಳಿದ ಫ್ಲ್ಯಾಶೇ ಬೇಕು. ಒಂದೇ ಪಿನ್ನಿನ ಟ್ರಿಗರ್ ಯಾವಾಗಲೂ ಮೊದಲ ಪರದೆಗೇ ಹೊಡೆಯುತ್ತದೆ. ಫ್ಲ್ಯಾಶನ್ನು ದೂರವಿಟ್ಟು ವೈರ್‌ಲೆಸ್‌ನಲ್ಲಿ ಬಳಸಿದಾಗ ಕೂಡ ಹಲವು ಜೋಡಿಗಳಲ್ಲಿ ಸೆಕೆಂಡ್ ಕರ್ಟನ್ ಸಿಗುವುದಿಲ್ಲ. ಇನ್ನೊಂದು ಸುಲಭದ ತಪ್ಪು: ಕ್ಯಾನನ್ ಫ್ಲ್ಯಾಶ್‌ಗಳಲ್ಲಿ ಹೈ ಸ್ಪೀಡ್ ಸಿಂಕ್‌ಗೂ ಸೆಕೆಂಡ್ ಕರ್ಟನ್‌ಗೂ ಬಟನ್ ಒಂದೇ ಇರುತ್ತದೆ, ಒಂದನ್ನು ಆರಿಸಿದರೆ ಇನ್ನೊಂದು ಹೋಗುತ್ತದೆ.

ಗೆರೆಯೇ ಇಲ್ಲ, ಆಳು ಮಾತ್ರ ಕಲ್ಲಿನಂತೆ ನಿಂತಿದ್ದಾನೆ ಎಂದರೆ ಅಲ್ಲಿದ್ದ ಬೆಳಕಿನ ಪಾಲು ತೀರ ಕಡಿಮೆ. ಎರಡು ಸ್ಟಾಪ್‌ಗಿಂತ ಹೆಚ್ಚು ಅಂಡರ್ ಇದ್ದರೆ ಗೆರೆ ಹುಟ್ಟುವುದಿಲ್ಲ. ಶಟರ್ ಇಳಿಸಿ ಅಥವಾ ಐಎಸ್‌ಒ ಏರಿಸಿ ಫ್ಲ್ಯಾಶ್ ಪವರ್ ಅಷ್ಟೇ ತಗ್ಗಿಸಿ. ಮುಖದೊಳಗಿಂದ ಹಿಂದಿನ ಟ್ಯೂಬ್‌ಲೈಟು, ಕಿಟಕಿ ಕಾಣುತ್ತಿದ್ದರೆ ಆ ಪಾಲು ಹೆಚ್ಚಾಗಿದೆ. ಆಳು ಸರಿದ ಜಾಗದಲ್ಲಿ ಹಿನ್ನೆಲೆ ಮೂಡಿಬಿಟ್ಟಿದೆ. ಒಂದು ಸ್ಟಾಪ್ ಇಳಿಸಿ, ಇಲ್ಲವೇ ನೀವೇ ಪಕ್ಕಕ್ಕೆ ಸರಿದು ಅವನ ಹಿಂದೆ ಕತ್ತಲು ಬರುವಂತೆ ನಿಲ್ಲಿ. ಎರಡನೆಯದೇ ಹೆಚ್ಚು ಸಲ ಕೈಹಿಡಿಯುತ್ತದೆ. ದೀಪಗಳೆಲ್ಲ ಒಂದೇ ತರಹದ ಅಂಕುಡೊಂಕು ಗೆರೆಯಾಗಿದ್ದರೆ ಅಲುಗಿದ್ದು ಕ್ಯಾಮೆರಾ. ಆಳಷ್ಟೇ ಎಳೆದಿದ್ದರೆ ಅದು ಅವನ ಚಲನೆ.

ರಿಯರ್ ಎಂದರೆ ಯಾವಾಗಲೂ ಮೇಲು ಎಂಬ ನಂಬಿಕೆಯಿದೆ, ಅದನ್ನು ಒಪ್ಪುವುದು ಕಷ್ಟ. ವಾಲಗಕ್ಕೆ ಕುಣಿಯುವವರ ಕೈ ಅತ್ತಿತ್ತ ತೂಗುತ್ತದೆ, ದೇಹ ನಿಂತಲ್ಲೇ ಬಾಗುತ್ತದೆ. ಗೆರೆಗೆ ದಿಕ್ಕೇ ಇಲ್ಲದಿರುವಾಗ ರಿಯರ್‌ನಿಂದ ಬರುವ ಲಾಭವೇನು? ಅಲ್ಲಿ ಫ್ರಂಟ್ ಇಟ್ಟರೆ ಬಟನ್ ಒತ್ತಿದ ಗಳಿಗೆಯ ಮುಖಭಾವವೇ ಸಿಗುತ್ತದೆ. 1/4ಕ್ಕಿಂತ ನಿಧಾನವಾದರೆ ರಿಯರ್‌ನಲ್ಲಿ ಫ್ಲ್ಯಾಶ್ ಹೊಡೆಯುವಷ್ಟರಲ್ಲಿ ಆಳು ಬೆನ್ನು ತಿರುಗಿಸಿರುತ್ತಾನೆ. ಪುತ್ತರಿ ಕೋಲಾಟ, ಉಮ್ಮತ್ತಾಟಗಳಲ್ಲಿ ಎಲ್ಲರೂ ವೃತ್ತದಲ್ಲಿ ಒಂದೇ ಕಡೆಗೆ ಸಾಗುತ್ತಾರೆ. ರಿಯರ್‌ಗೆ ಅರ್ಥ ಬರುವುದು ಅಲ್ಲಿ. ಗಂಗಾಪೂಜೆಯಲ್ಲಿ ತಲೆಯ ಮೇಲೆ ನೀರಿನ ಕೊಡ ಹೊತ್ತ ಮದುಮಗಳು ಹೆಚ್ಚುಕಡಿಮೆ ನಿಂತೇ ಇರುತ್ತಾಳೆ, ದಾರಿಗಡ್ಡವಾಗಿ ಕುಣಿಯುವವರು ಅವಳ ಮುಂದೆ ಚಲಿಸುತ್ತಿರುತ್ತಾರೆ. ಸ್ಲೋ ಸಿಂಕ್‌ಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಅಪರೂಪ. ಫ್ರಂಟ್ ಆದರೂ ರಿಯರ್ ಆದರೂ 1/8 ಇಟ್ಟು, ಕ್ಯಾಮೆರಾ ಗಟ್ಟಿಯಾಗಿ ಹಿಡಿದು ಮದುಮಗಳ ಮೇಲೆ ಫೋಕಸ್ ಇರಿಸಿ.

ರಿಯರ್ ಜೊತೆ ಟಿಟಿಎಲ್ ಸೇರಿದಾಗ ಒಂದು ವಿಚಿತ್ರ ತೊಂದರೆ. ಬಟನ್ ಒತ್ತಿದಾಗ ಅಳತೆಗೆಂದು ಪ್ರಿಫ್ಲ್ಯಾಶ್ ಒಂದು ಸಣ್ಣ ಹೊಡೆತ ಹೊಡೆಯುತ್ತದೆ, ನಿಜವಾದದ್ದು ಕೊನೆಯಲ್ಲಿ. ಶಟರ್ ಒಂದು ಸೆಕೆಂಡ್ ಇದ್ದರೆ ನಡುವಿನ ಅಂತರ ಎಲ್ಲರಿಗೂ ತಿಳಿಯುತ್ತದೆ. ಮೊದಲ ಮಿಂಚು ಕಂಡವರು ಫೋಟೊ ಆಯಿತೆಂದು ತಿರುಗಿಬಿಡುತ್ತಾರೆ, ಕೆಲವರು ಕಣ್ಣು ಮುಚ್ಚುತ್ತಾರೆ. ಸಾಲಾಗಿ ನಿಂತ ಕುಟುಂಬದ ಫೋಟೊದಲ್ಲಿ ಅರ್ಧ ಜನ ಕಣ್ಣು ಮುಚ್ಚಿದ್ದರೆ ಇದನ್ನೇ ಶಂಕಿಸಿ. ಫ್ಲ್ಯಾಶನ್ನು ಮ್ಯಾನುಯಲ್‌ಗೆ ಹಾಕಿದರೆ ಪ್ರಿಫ್ಲ್ಯಾಶ್ ಇರುವುದಿಲ್ಲ. ಟಿಟಿಎಲ್ ಬಿಡಲು ಮನಸ್ಸಿಲ್ಲದಿದ್ದರೆ ಕ್ಯಾನನ್‌ನ ಎಫ್‌ಇ ಲಾಕ್, ನಿಕಾನ್‌ನ ಎಫ್‌ವಿ ಲಾಕ್ ಬಳಸಿ ಅಳತೆಯ ಹೊಡೆತವನ್ನು ಮೊದಲೇ ಮುಗಿಸಿಕೊಳ್ಳಿ.

ಕಣ್ಣಿಗೆ ಮಿಂಚಿತು, ಫೋಟೊದಲ್ಲಿ ಇಲ್ಲ

ದೂರದಲ್ಲಿಟ್ಟ ಎರಡನೇ ಫ್ಲ್ಯಾಶ್ ಹೊಡೆದದ್ದನ್ನು ಎಲ್ಲರೂ ನೋಡಿದರು, ಫೋಟೊದಲ್ಲಿ ಅದರ ಬೆಳಕಿಲ್ಲ. ಅದು ಎಸ್1 ಸ್ಲೇವ್ ಮೋಡ್‌ನಲ್ಲಿದೆ (ಬೇರೆ ಫ್ಲ್ಯಾಶಿನ ಮಿಂಚು ಕಂಡು ತಾನೂ ಹೊಡೆಯುವ ಮೋಡ್), ಕ್ಯಾಮೆರಾದ ಮೇಲಿನದು ಟಿಟಿಎಲ್‌ನಲ್ಲಿದೆ. ಎಸ್1 ಕಂಡ ಮೊದಲ ಮಿಂಚಿಗೇ ಹೊಡೆಯುತ್ತದೆ, ಅಂದರೆ ಪ್ರಿಫ್ಲ್ಯಾಶಿಗೆ. ಶಟರ್ ತೆರೆಯುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಎಸ್2ಗೆ ಬದಲಿಸಿ, ಅದು ಪ್ರಿಫ್ಲ್ಯಾಶ್ ಬಿಟ್ಟು ಮುಂದಿನದಕ್ಕೆ ಹೊಡೆಯುತ್ತದೆ. ಕ್ಯಾಮೆರಾದ ಮೇಲಿನದನ್ನು ಮ್ಯಾನುಯಲ್‌ಗೆ ಹಾಕಿದರೂ ಆಗುತ್ತದೆ. ಮದುವೆ ಮನೆಯಲ್ಲಿ ಸ್ಲೇವ್ ಮೋಡ್ ಒಳ್ಳೆಯದಲ್ಲ, ನೆಂಟರ ಕ್ಯಾಮೆರಾ ಮಿಂಚಿದಾಗಲೆಲ್ಲ ನಿಮ್ಮ ಫ್ಲ್ಯಾಶೂ ಹೊಡೆಯುತ್ತಿರುತ್ತದೆ.

ರೇಡಿಯೊ ಟ್ರಿಗರ್ ಇದ್ದೂ ಹೀಗಾದರೆ ಚಾನೆಲ್ ನೋಡಿ. ಒಂದೇ ಹಾಲ್‌ನಲ್ಲಿ ವಿಡಿಯೊದವರು, ಇನ್ನೊಬ್ಬ ಫೋಟೊಗ್ರಾಫರ್ ಎಲ್ಲರ ಬಳಿಯೂ ಅದೇ ಕಂಪನಿಯ ಟ್ರಿಗರ್, ಅದೇ ಚಾನೆಲ್ 1 ಇರುತ್ತದೆ. ಚಾನೆಲ್ ಬದಲಿಸಿ, ಐಡಿ ಕೊಡುವ ಸೌಲಭ್ಯವಿದ್ದರೆ ಅದನ್ನೂ ಹಾಕಿ. ಫ್ಲ್ಯಾಶ್ ತೀರ ಹತ್ತಿರ, ಅರ್ಧ ಮೀಟರಿನೊಳಗೆ ಇದ್ದಾಗಲೂ ಕೆಲವು ಟ್ರಿಗರ್‌ಗಳು ತಪ್ಪುತ್ತವೆ. ರಾತ್ರಿ ಕಪ್ಪೆ, ಹುಳುಗಳ ಮ್ಯಾಕ್ರೊ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ಗೋಡಾಕ್ಸ್ ಟ್ರಿಗರ್‌ಗಳಲ್ಲಿ ದೂರದ ಸೆಟ್ಟಿಂಗನ್ನು 0–30 ಮೀಟರ್‌ಗೆ ಇಟ್ಟರೆ ಸರಿಹೋಗುತ್ತದೆ.

ಹೊಡೆಯುವುದೇ ಇಲ್ಲ

ಫ್ಲ್ಯಾಶಿನ ಟೆಸ್ಟ್ ಬಟನ್ ಒತ್ತಿ. ಹೊಡೆದರೆ ತೊಂದರೆ ಫ್ಲ್ಯಾಶಿನಲ್ಲಿಲ್ಲ, ಕ್ಯಾಮೆರಾದ ಕಡೆ ಇದೆ.

ಮಿರರ್‌ಲೆಸ್ ಆದರೆ ಸೈಲೆಂಟ್ ಅಥವಾ ಎಲೆಕ್ಟ್ರಾನಿಕ್ ಶಟರ್ ಆನ್ ಇದೆಯೇ ನೋಡಿ, ಹೆಚ್ಚಿನ ಕ್ಯಾಮೆರಾಗಳಲ್ಲಿ ಆಗ ಫ್ಲ್ಯಾಶ್ ಹೊಡೆಯುವುದಿಲ್ಲ. ಮುಹೂರ್ತದ ಹೊತ್ತಿಗೆ ಸದ್ದಾಗದಿರಲೆಂದು ಹಾಕಿ, ಆಮೇಲೆ ಮರೆತಿರುತ್ತಾರೆ. ಕ್ಯಾನನ್ ಡಿಎಸ್‌ಎಲ್‌ಆರ್‌ನ ಲೈವ್ ವ್ಯೂನಲ್ಲಿ ಬೇರೆ ಕಂಪನಿಯ ಫ್ಲ್ಯಾಶ್ ಹೊಡೆಯದಿದ್ದರೆ ಸೈಲೆಂಟ್ ಎಲ್‌ವಿ ಶೂಟಿಂಗನ್ನು ಡಿಸೇಬಲ್ ಮಾಡಿ. ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಇಟ್ಟುಕೊಂಡವರು ಇನ್ನೊಂದು ಮಾತು ತಿಳಿದಿರಬೇಕು. ಈ ಬಾಡಿಗಳ ಹಾಟ್ ಶೂನಲ್ಲಿ ನಡುವಿನ ಸಿಂಕ್ ಪಿನ್ನೇ ಇಲ್ಲ. ಒಂದೇ ಪಿನ್ನಿನ ಫ್ಲ್ಯಾಶ್, ಟ್ರಿಗರ್ ಅವುಗಳ ಮೇಲೆ ಎಷ್ಟು ತಿಕ್ಕಿದರೂ ಹೊಡೆಯುವುದಿಲ್ಲ. ಈ ಮಾಡೆಲ್‌ಗಳ ಹೆಸರು ಹೇಳಿ, ಅವಕ್ಕೆ ಹೊಂದುವ ಟ್ರಿಗರನ್ನೇ ಕೊಳ್ಳಬೇಕು.

ಪಾಪ್ ಅಪ್ ಫ್ಲ್ಯಾಶ್ ಏಳುತ್ತಲೇ ಇಲ್ಲ, ಮೇಲೆ ಬೇರೆ ಫ್ಲ್ಯಾಶೂ ಇಲ್ಲ ಎಂದರೆ ಹಾಟ್ ಶೂ ಅಂಚಿನ ಪುಟ್ಟ ಸ್ವಿಚ್ ಒತ್ತಿಕೊಂಡೇ ಅಂಟಿರಬಹುದು. ಹೊರಗಿನ ಫ್ಲ್ಯಾಶ್ ಕೂತಿದೆ ಎಂದು ಕ್ಯಾಮೆರಾ ತಿಳಿದಿರುತ್ತದೆ. ಫ್ಲ್ಯಾಶೊಂದನ್ನು ಹತ್ತಾರು ಸಲ ಜಾರಿಸಿ ತೆಗೆದರೆ ಸಾಮಾನ್ಯವಾಗಿ ಬಿಡುತ್ತದೆ.

ಅಜ್ಜನ ಕಾಲದ ಫ್ಲ್ಯಾಶ್ ಸಿಕ್ಕಿತೆಂದು ಡಿಜಿಟಲ್ ಬಾಡಿಯ ಮೇಲೆ ಕೂರಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಚಾರ್ಜ್ ಆದ ಮೇಲೆ ನಡುವಿನ ಪಿನ್ನಿಗೂ ಪಕ್ಕದ ಲೋಹಕ್ಕೂ ನಡುವಿನ ವೋಲ್ಟೇಜ್ ಕೆಲವು ಹಳೆಯ ಮಾಡೆಲ್‌ಗಳಲ್ಲಿ 200 ದಾಟುತ್ತದೆ. ಅಷ್ಟು ಬಂದರೆ ಅದನ್ನು ಕ್ಯಾಮೆರಾಕ್ಕೆ ಹಾಕಬೇಡಿ, ರೇಡಿಯೊ ರಿಸೀವರ್ ಮೂಲಕ ದೂರವೇ ಇಡಿ.

ಬೆಳಕು ಬಂತು, ಅಳತೆ ಮತ್ತು ಬಣ್ಣ ತಪ್ಪಿತು

ಕಪ್ಪು ಕುಪ್ಯ (ಕೊಡವ ಗಂಡಸರ ನಿಲುವಂಗಿ) ಹಾಕಿದವರು ಫ್ರೇಮ್ ತುಂಬಿದರೆ ಟಿಟಿಎಲ್ ಮೋಸಹೋಗಿ ಹೆಚ್ಚು ಬೆಳಕು ಬಿಡುತ್ತದೆ, ಮುಖಗಳು ಸುಟ್ಟಂತೆ ಬಿಳಿಚುತ್ತವೆ. ಮದುಮಗನ ಬಿಳಿ ಕುಪ್ಯಕ್ಕೆ ಇದರ ತಿರುಗುಮುರುಗು. ಕಪ್ಪಿಗೆ ಫ್ಲ್ಯಾಶ್ ಕಾಂಪೆನ್ಸೇಶನ್ ಮೈನಸ್ 2/3, ಬಿಳಿಗೆ ಪ್ಲಸ್ 2/3 ಇಂದ ಶುರುಮಾಡಿ. ಸೊಂಟಕ್ಕೆ ಸಿಕ್ಕಿಸುವ ಪೀಚೆ ಕತ್ತಿಯ ಬೆಳ್ಳಿ ನೇರ ಮಿಂಚಿದರೂ ಅಳತೆ ಇಳಿಯುತ್ತದೆ, ಸ್ವಲ್ಪ ಪಕ್ಕಕ್ಕೆ ಸರಿದರೆ ಸಾಕು.

ಐನ್‌ಮನೆಯ ಮರದ ಮಾಡಿಗೆ ಬೌನ್ಸ್ ಮಾಡುವುದು ವ್ಯರ್ಥ. ಹೊಗೆ ಹಿಡಿದ ಹಳೆಯ ಮರ ಬೆಳಕನ್ನೆಲ್ಲ ನುಂಗಿ, ಉಳಿದದ್ದನ್ನು ಕಂದಾಗಿ ವಾಪಸ್ ಕೊಡುತ್ತದೆ. ಹೊಡೆದ ಮೇಲೆ ನಿಕಾನ್ ಫ್ಲ್ಯಾಶಿನ ರೆಡಿ ದೀಪ ಮೂರು ಸೆಕೆಂಡ್ ಮಿನುಗಿದರೆ ಫುಲ್ ಪವರ್ ಹೊಡೆದೂ ಸಾಕಾಗಲಿಲ್ಲವೆಂದು ಅರ್ಥ. ಸುಣ್ಣ ಬಳಿದ ಪಕ್ಕದ ಗೋಡೆಗೆ ತಿರುಗಿಸಿ. ಗೋಡೆಯೂ ಇಲ್ಲದಿದ್ದರೆ ಬಿಳಿ ಛತ್ರಿ.

ಮುಖ ಸರಿ, ಹಿನ್ನೆಲೆ ಕಿತ್ತಳೆ ಎನ್ನುವುದು ಬಣ್ಣದ ಜಗಳ. ಫ್ಲ್ಯಾಶ್ ಸುಮಾರು 5500 ಕೆಲ್ವಿನ್, ಹಳದಿ ಬಲ್ಬು 2700ರಿಂದ 3000. ಸ್ಲೋ ಸಿಂಕ್‌ನಲ್ಲಿ ಎರಡೂ ಸೇರುವುದರಿಂದ ಇದು ಎದ್ದು ಕಾಣುತ್ತದೆ. ಫ್ಲ್ಯಾಶಿಗೆ ಫುಲ್ ಸಿಟಿಒ ಆರೆಂಜ್ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿ ವೈಟ್ ಬ್ಯಾಲೆನ್ಸ್ 3200ಕ್ಕೆ ಇಡಿ. ಜೆಲ್ 2/3 ಸ್ಟಾಪ್‌ನಷ್ಟು ಬೆಳಕು ತಿನ್ನುತ್ತದೆ, ಲೆಕ್ಕದಲ್ಲಿರಲಿ. ಎಣ್ಣೆ ದೀಪದ ಮುಂದೆ ಹಾಫ್ ಸಿಟಿಒ ಚೆಂದ, ದೀಪದ ಹಳದಿ ಉಳಿಯುತ್ತದೆ. ಬಿಳಿ ಎಲ್‌ಇಡಿ ಹಾಲ್‌ಗೆ ಜೆಲ್ ಬೇಡ.

ಮಂಜು, ಮಳೆ, ಬಿಳಿ ಚುಕ್ಕೆ

ಮಡಿಕೇರಿಯ ಮಂಜಿನಲ್ಲಿ ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹೊಡೆದರೆ ಲೆನ್ಸಿನ ಮುಂದಿನ ಮಂಜೇ ಮೊದಲು ಬೆಳಗಿ ಇಡೀ ಫೋಟೊ ಹಾಲಿನಂತಾಗುತ್ತದೆ. ಮಳೆಯಲ್ಲಿ ಹತ್ತಿರದ ಹನಿಗಳು ಮಸುಕು ಬಿಲ್ಲೆಗಳಾಗುತ್ತವೆ. ಪವರ್ ಏರಿಸಿದರೆ ಹೆಚ್ಚುವುದು ಬಿಳುಪೇ. ಫ್ಲ್ಯಾಶನ್ನು ಟ್ರಿಗರ್ ಮೇಲೆ ಒಂದೂವರೆ ಮೀಟರ್ ಪಕ್ಕಕ್ಕೆ ಹಿಡಿಸಿ, ಲೆನ್ಸಿನ ಮುಂದಿನ ಗಾಳಿಗೆ ಅದರ ಬೆಳಕು ಬೀಳದಂತೆ ಓರೆಯಾಗಿ. ಮಳೆಯೇ ಕಾಣಬೇಕೆಂದರೆ ಅದನ್ನು ಆಳಿನ ಹಿಂದಿಡಿ. ಚಳಿಯಿಂದ ಬಿಸಿ ಹಾಲ್‌ನೊಳಗೆ ಬಂದ ಕೂಡಲೇ ಮಬ್ಬು ಬಂದರೆ ಅದು ಲೆನ್ಸಿನ ಮೇಲೆ ಕೂತ ಹಬೆ. ಒರೆಸುತ್ತ ಕೂರುವ ಬದಲು ಕ್ಯಾಮೆರಾವನ್ನು ಬ್ಯಾಗಿನಲ್ಲೇ ಬಿಟ್ಟು ಕಾಯಿರಿ.

ತೇವ ಮತ್ತು ಸೆಲ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನಲ್ಲೇ ಬಿದ್ದ ಫ್ಲ್ಯಾಶ್ ದಸರಾಕ್ಕೆ ತೆಗೆದಾಗ ಒಮ್ಮೆ ಹೊಡೆದು ಒಮ್ಮೆ ತಪ್ಪುವುದಕ್ಕೆ ಮುಖ್ಯ ಕಾರಣ ಹಾಟ್ ಶೂ ಪಿನ್ನುಗಳ ಮೇಲಿನ ಕಿಲುಬು. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸಿ, ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಉಜ್ಜುಕಾಗದ ಬೇಡ, ಲೇಪನ ಹೋಗುತ್ತದೆ. ಬಾಡಿಯ ಕಡೆಯ ಹಳಿಯನ್ನೂ ಮರೆಯದಿರಿ. ಇಡುವಾಗ ಸೆಲ್ ತೆಗೆದು, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ತೇವಾಂಶ ಶೇ 40ರಿಂದ 50ರಲ್ಲಿ ಇಡಿ. ತಿಂಗಳಿಗೊಮ್ಮೆ ಸೆಲ್ ಹಾಕಿ ಕೆಲವು ಸಲ ಹೊಡೆಸಿದರೆ ಒಳಗಿನ ಕೆಪಾಸಿಟರ್ ಕೆಲಸ ಮರೆಯುವುದಿಲ್ಲ.

ರೆಡಿ ದೀಪ ತಡವಾಗಿ ಬಂದರೆ ಮೊದಲು ಸೆಲ್ ಬದಲಿಸಿ. 2000 ಎಂಎಎಚ್‌ನ ಒಳ್ಳೆಯ ನಿಕಲ್ ಮೆಟಲ್ ಹೈಡ್ರೈಡ್ ಎಎ ಸೆಲ್ 1.2 ವೋಲ್ಟಿನದಾದರೂ 1.5 ವೋಲ್ಟಿನ ಆಲ್ಕಲೈನ್‌ಗಿಂತ ಬೇಗ ಚಾರ್ಜ್ ಮಾಡುತ್ತದೆ, ಅದರ ಒಳರೋಧ ಕಡಿಮೆ. ನಾಲ್ಕೂ ಒಂದೇ ಕಂಪನಿಯವು, ಒಟ್ಟಿಗೆ ಕೊಂಡವು ಆಗಿರಲಿ. ಒಂದು ಸೋತರೆ ನಾಲ್ಕೂ ಸೋತಂತೆ.

ಹೊಸ ಸೆಲ್ ಹಾಕಿದರೂ ಕುಂಯ್ ಎಂಬ ಸದ್ದು ನಿಲ್ಲದೆ ರೆಡಿ ದೀಪ ಬಾರದಿದ್ದರೆ ಕೆಪಾಸಿಟರ್ ಅಥವಾ ಚಾರ್ಜಿಂಗ್ ಸರ್ಕಿಟ್ ಹೋಗಿರಬಹುದು. ರೆಡಿ ದೀಪ ಬಂದೂ ಟೆಸ್ಟ್ ಬಟನ್‌ಗೆ ಹೊಡೆಯದಿದ್ದರೆ ಟ್ಯೂಬ್ ಅಥವಾ ಅದನ್ನು ಉರಿಸುವ ಸರ್ಕಿಟ್. ಎರಡೂ ಸರ್ವಿಸ್ ಸೆಂಟರಿನ ಕೆಲಸ. ಸ್ಕ್ರೂ ಬಿಚ್ಚಿ ನೋಡುವ ಆಸೆ ಬೇಡ. ಸೆಲ್ ತೆಗೆದು ಎಷ್ಟೋ ಹೊತ್ತಾದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿನಷ್ಟು ಉಳಿದಿರುತ್ತದೆ, ಅದು ಜೀವಕ್ಕೇ ಅಪಾಯ.